ಹೊಸ್ತಿಲಲ್ಲಿ ಸಿಕ್ಕಿಬಿದ್ದ ಹೆಸರು

ಹೆಂಡತಿಯ ಹೆಸರು ನೆನಪಾದಾಗ ಪ್ರಭುರಾಜ ಗಂಗಾವತಿಯಲ್ಲಿ, ಅವಳ ಅಣ್ಣನ ಮನೆಯ ಬಚ್ಚಲಲ್ಲಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತಿದ್ದ. ಪಂಪಾವತಿ. ಹುಡುಕುವಾಗ ಸಿಗದ ಹೆಸರು ಹುಡುಕುವುದನ್ನು ಬಿಟ್ಟ ಕೂಡಲೇ, ಊಟದ ಪಂಕ್ತಿ ಎದ್ದ ಮೇಲೆ ಬರುವ ಬೀಗರ ಹಾಗೆ, ಏನೂ ಆಗಿಲ್ಲವೆಂಬಂತೆ ಬಂದು ನಿಂತಿತ್ತು. ಪಂಪಾವತಿ, ಪಂಪಾವತಿ ಎಂದು ಅವನು ಕನ್ನಡಿಗೆ ಹೇಳಿದ. ಕನ್ನಡಿಯಲ್ಲಿದ್ದ ಮನುಷ್ಯ ಕುಷ್ಟಗಿಯ ಪದವಿಪೂರ್ವ ಕಾಲೇಜೊಂದರ ಜೀವಶಾಸ್ತ್ರದ ಉಪನ್ಯಾಸಕ; ಐವತ್ತು ದಾಟಿದವನು; ತಿಳಿನೀಲಿ ಅಂಗಿ ತೊಟ್ಟವನು; ಮಿದುಳಿನ ಪಾಠವನ್ನು ಪ್ರಭುರಾಜ ಸರ್ ಮಾಡಿದರೇ ಕೇಳಬೇಕು ಎಂದು ಯಲಬುರ್ಗಾದ ಹುಡುಗರೂ ಹೇಳುವಂಥವನು. ಅಂಥವನ ಮಿದುಳು ಸ್ವಲ್ಪ ಹೊತ್ತಿನ ಹಿಂದೆ, ಹೊಸ್ತಿಲ ಮೇಲೆ, ನಾಲ್ಕು ಮಂದಿಯ ಎದುರು ಅವನ ಮಾನ ಕಳೆದಿತ್ತು. ಹೊರಗೆ ಪಡಸಾಲೆಯಲ್ಲಿ ಹೆಂಗಸರು ಇನ್ನೂ ನಗುತ್ತಿದ್ದರು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರು ಮಾಡುತ್ತಿದ್ದಳು. ಆ ನಗೆಯಲ್ಲಿ ತನ್ನ ಹೆಂಡತಿಯದೂ ಇದೆಯೇ ಎಂದು ಅವನು ನಲ್ಲಿ ನಿಲ್ಲಿಸಿ ಕಿವಿಗೊಟ್ಟ. ಇರಲಿಲ್ಲ. ಮತ್ತೆ ನಲ್ಲಿ ಬಿಟ್ಟ.

ಆದದ್ದು ಇಷ್ಟು. ಪಂಪಾವತಿಯ ಅಣ್ಣ ಹಂಪಣ್ಣ ಅಕ್ಕಿ ವ್ಯಾಪಾರದ ಮನುಷ್ಯ. ಅವನ ಮಗಳು ಅಮೃತಾಳ ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಈ ಕಡೆ ಇಂಥ ಕಾರ್ಯಕ್ಕೆ ಬಂದ ಗಂಡ ಹೆಂಡಿರನ್ನು ಹಾಗೇ ಒಳಗೆ ಬಿಡುವುದಿಲ್ಲ. ಬಾಗಿಲಿಗೆ ಕೈ ಅಡ್ಡ ಇಟ್ಟು, 'ಹೆಸರು ಹೇಳ್ರಿ' ಎನ್ನುತ್ತಾರೆ. ದಿನಾ ಬಾಯಲ್ಲಿ ಎತ್ತದ ಗಂಡನ ಹೆಸರನ್ನು ಹೆಂಡತಿ, ಹೆಂಡತಿಯ ಹೆಸರನ್ನು ಗಂಡ, ಪ್ರಾಸ ಕೂಡಿಸಿದ ಎರಡು ಸಾಲಿನ ಒಡಪಿನಲ್ಲಿಟ್ಟು ಎಲ್ಲರ ಎದುರು ಹೇಳಬೇಕು. ಹೇಳಿದವರಿಗೆ ಒಳಗೆ ಹೋಳಿಗೆ, ಹೇಳದವರಿಗೆ ಹೊರಗೆ ಬಿಸಿಲು. ಹಂಪಣ್ಣನ ಮನೆಯಲ್ಲಿ ಈ ಬಾಗಿಲು ಕಾಯುವ ಅಧಿಕಾರ ಪಕ್ಕದ ಮನೆಯ ಮುದುಕಿ ಸೈದಾನಬಿಯದು. ಹಂಪಣ್ಣನ ತಾಯಿ ಇದ್ದ ಕಾಲದಿಂದಲೂ ಆ ಬಾಗಿಲಿಗೆ ಕೈ ಅಡ್ಡ ಇಟ್ಟವಳು ಆಕೆ. ತಹಶೀಲ್ದಾರ ಬಂದರೂ ಹೆಂಡತಿಯ ಹೆಸರು ಹೇಳಿಸದೆ ಬಿಟ್ಟವಳಲ್ಲ.

'ಬರ್ರಿ ಮಾಸ್ತರ, ಬರ್ರಿ. ಅಲ್ಲೇ ನಿಂದರ್ರಿ ಮತ್ತ. ಮೊದ್ಲ ನಮ್ಮ ಹುಡುಗಿ ಹೇಳ್ಲಿ' ಎಂದಳು ಸೈದಾನಬಿ.

ಪಂಪಾವತಿ ಸೆರಗು ಸರಿಮಾಡಿಕೊಂಡು, ತವರಿನ ಹೊಸ್ತಿಲೆಂಬ ಧೈರ್ಯದಲ್ಲಿ, ತಡಮಾಡದೆ ಹೇಳಿದಳು: 'ತುಂಗಭದ್ರಿ ನೀರು ಉಂಡು ಗಂಗಾವತಿ ಗದ್ದಿ ಹಸರು, ಪ್ರಭುರಾಜರು ಅಂತೈತಿ ನನ್ನ ಮನಿ ದೇವರ ಹೆಸರು!'

ಹೆಂಗಸರು ಹೋ ಎಂದರು. ಇನ್ನು ಅವನ ಸರದಿ. ತಯಾರಿ ಇರಲಿಲ್ಲವೆಂದಲ್ಲ. ಬೆಳಿಗ್ಗೆ ಬರುವಾಗ ತಾವರಗೇರಾ ದಾಟಿದಾಗಿನಿಂದ ಕನಕಗಿರಿಯವರೆಗೂ ಕಿಟಕಿಯ ಕಡೆ ಮುಖ ಮಾಡಿ, ತುಟಿ ಅಲ್ಲಾಡಿಸುತ್ತ ಕಟ್ಟಿದ ಒಡಪು ಅದು. ಗಂಟಲು ಸರಿಮಾಡಿಕೊಂಡು, 'ಇಟಗಿ ಗುಡಿಯಾಗ ಕಲ್ಲಿನ ಕಂಬ,' ಎಂದ. ಅಷ್ಟರಲ್ಲಿ ಎಲ್ಲ ಮುಖಗಳೂ ಅವನ ಬಾಯಿಯನ್ನೇ ನೋಡುತ್ತಿದ್ದವು. ಸೈದಾನಬಿಯ ಕೈ, ಆ ಕೈಯ ಹಸಿರು ಬಳೆ, ಅದರಾಚೆ ತೊಟ್ಟಿಲಿಗೆ ಕಟ್ಟಿದ ಹೂವು, ಯಾರೋ ಎತ್ತಿ ಹಿಡಿದ ಮೊಬೈಲು. ಪಂಪಾವತಿ ಎಂಬುದು ಇರಬೇಕಾದ ಜಾಗದಲ್ಲಿ ಒಮ್ಮೆಲೇ ಏನೂ ಇರಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು, ಅಂಗೈ ಬೆವರಿತು, ಬಾಯಿ ಮಾತ್ರ ಯಾರನ್ನೂ ಕೇಳದೆ ತನ್ನ ಕೆಲಸ ಮುಗಿಸಿಬಿಟ್ಟಿತು: 'ಭವಾನಿ ಮೇಡಂ ಅದಾರ ನನ್ನ ಮನಿ ತುಂಬ!'

ತೊಟ್ಟಿಲ ಕೂಸು ಕೂಡ ಅಳು ನಿಲ್ಲಿಸಿತು ಎಂದು ಆಮೇಲೆ ಹಂಪಣ್ಣ ಹೇಳಿದ. 'ಯಾ ಅಲ್ಲಾ! ಯಾರ್ರೀ ಮಾಸ್ತರ ಆಕಿ, ಮನಿ ತುಂಬಿದಾಕಿ?' ಎಂದು ಸೈದಾನಬಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. 'ನಮ್ಮ ಕಾಲೇಜಿನ್ಯಾಗ ಇಂಗ್ಲಿಷ್ ಹೇಳ್ತಾರ್ರಿ' ಎಂದು ಪ್ರಭುರಾಜ ಪ್ರಾಮಾಣಿಕವಾಗಿ ಉತ್ತರ ಕೊಟ್ಟ. ಉತ್ತರ ಕೊಡಬಾರದಿತ್ತು; ನಗೆ ಅಟ್ಟಕ್ಕೆ ಹತ್ತಿತು. 'ಇನ್ನೊಮ್ಮಿ ಹೇಳ್ರಿ. ಈ ಸಲ ಬ್ಯಾರೆ ಹೆಸರು ಬಂತಂದ್ರ ಬಾಗ್ಲಾ ಹಾಕ್ತೀನಿ ನೋಡ್ರಿ' ಎಂದಳು ಮುದುಕಿ. ಅವನು ಇನ್ನೊಮ್ಮೆ ಬಾಯಿ ತೆರೆದ. ಈ ಸಲ ಏನೂ ಬರಲಿಲ್ಲ. ಭವಾನಿಯೂ ಇಲ್ಲ, ಮತ್ತೊಬ್ಬಳೂ ಇಲ್ಲ. ಒರೆಸಿಬಿಟ್ಟ ಕರಿಹಲಗೆಯ ಬೂದಿಬಣ್ಣ. ಪಕ್ಕದಲ್ಲಿ ನಿಂತವಳ ಕಿವಿಯ ಬೆಂಡೋಲೆ ಗೊತ್ತು, ಮೆಣಸಿನಕಾಯಿ ಒಗ್ಗರಣೆಗೆ ಅವಳು ಸೀನುವ ರೀತಿ ಗೊತ್ತು, ಮಂಡಿನೋವಿಗೆ ಹಚ್ಚುವ ಮುಲಾಮಿನ ವಾಸನೆ ಗೊತ್ತು. ಹೆಸರೊಂದನ್ನು ಬಿಟ್ಟು ಎಲ್ಲ ಗೊತ್ತು. ಅವಳು ಅವನ ಕಡೆ ನೋಡಲಿಲ್ಲ. ಸೈದಾನಬಿಯ ಕೈಕೆಳಗೆ ಬಗ್ಗಿ ಒಬ್ಬಳೇ ಒಳಗೆ ಹೋದಳು. 'ಹೋಗ್ರಿ ಒಳಗ, ಪಾಪ, ಮಾರಿ ಹೆಂಗ ಬೆವತೈತಿ' ಎಂದು ಮುದುಕಿ ಕೈ ತೆಗೆದಳು. ಹೆಸರು ಹೇಳದವನಿಗೆ ಆಕೆ ದಾರಿ ಬಿಟ್ಟಿದ್ದು ಅದೇ ಮೊದಲಂತೆ. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಬಚ್ಚಲ ಬಾಗಿಲ ಚಿಲಕ ತೆಗೆಯುವ ಮುನ್ನ ಅವನು ಅಂಗಿಯನ್ನು ನೋಡಿಕೊಂಡ. ತಿಳಿನೀಲಿ. ಇದೇ ಅಂಗಿಯನ್ನು ನೋಡಿ ಭವಾನಿ ಮೇಡಂ ಸ್ಟಾಫ್‌ರೂಮಿನಲ್ಲಿ, 'ಈ ಬಣ್ಣ ನಿಮಗ ಒಪ್ಪತೈತಿ ನೋಡ್ರಿ ಸರ್' ಎಂದಿದ್ದರು. ಹಾಗೆಂದ ಮೇಲೆ ಅವನು ಆ ವಾರವೇ ಅದನ್ನು ಮತ್ತೊಮ್ಮೆ ಹಾಕಿದ್ದ. ಅದಕ್ಕಿಂತ ಹೆಚ್ಚಿನದೇನೂ ಆ ಕಥೆಯಲ್ಲಿ ಇಲ್ಲ. ಕಾಲೇಜಿನ ಬೀರುವಿನ ಕೀಲಿ ಆಕೆಯ ಹತ್ತಿರ ಇರುತ್ತದೆ, ಇವನಿಗೆ ದಿನಾ ಅದು ಬೇಕಾಗುತ್ತದೆ, ಹೀಗಾಗಿ ಭವಾನಿ ಮೇಡಂ ಭವಾನಿ ಮೇಡಂ ಎಂದು ದಿನವೆಲ್ಲ ಕರೆಯುವುದಾಗುತ್ತದೆ. ಅಷ್ಟೇ. ಅಷ್ಟೇ ಆದರೆ ಇವತ್ತು ಬೆಳಿಗ್ಗೆ ಈ ಅಂಗಿಗೆ ಹೆಂಡತಿ ಇಸ್ತ್ರಿ ಮಾಡುವಾಗ ಅವನು ಯಾಕೆ ಅಡುಗೆಮನೆಗೆ ಹೋಗಿ ಸುಮ್ಮನೆ ನೀರು ಕುಡಿದ?

ಹೊರಗೆ ಹಂಪಣ್ಣ ಕಾಯುತ್ತಿದ್ದ. ಅವನನ್ನು ಒಂದು ಕಡೆ ಕರೆದು ಪ್ರಭುರಾಜ ಎಲ್ಲ ಬಿಡಿಸಿ ಹೇಳಿದ. ವಾರದ ಹಿಂದಷ್ಟೇ ಪ್ರಥಮ ಪಿಯುಸಿಗೆ ಇದೇ ಪಾಠ ಮಾಡಿದ್ದ. ಹಲಗೆಯ ಮೇಲೆ ಮಿದುಳು ಬರೆದು, ಇದೊಂದು ಕೂಡುಕುಟುಂಬದ ಮನೆ ಎಂದಿದ್ದ. ಬಾದಾಮಿ ಬೀಜದಷ್ಟಿರುವ ಅಮಿಗ್ಡಲ ಬಾಗಿಲಲ್ಲಿ ಕೂತ ಹಿರೇ ಅತ್ತೆ. ಬಂದವರನ್ನು ನೋಡಿ ಅಂಜಬೇಕೋ ನಗಬೇಕೋ ಎಂದು ಮೊದಲು ಕೂಗುವವಳು. ಹಿಪ್ಪೊಕ್ಯಾಂಪಸ್ ಕೋಣೆಯ ಕೀಲಿ ಇಟ್ಟುಕೊಂಡ ಅಜ್ಜ. ಯಾವುದು ಎಲ್ಲಿ ಆಯಿತು, ಯಾರೆದುರು ಆಯಿತು ಎಂಬುದೆಲ್ಲ ಅವನ ಹತ್ತಿರ. (ಅದು ಕಡಲಕುದುರೆಯ ಆಕಾರದ್ದೆಂದು, ಕಡಲನ್ನೇ ಕಾಣದ ಮಕ್ಕಳಿಗೆ ಬರೆದು ತೋರಿಸಲು ಹೋಗಿ ಓತಿಕ್ಯಾತ ಬರೆದಿದ್ದ.) ಹಣೆಯ ಹಿಂದಿನ ಭಾಗ ಮನೆಯ ಯಜಮಾನ, ತಡೀರಿ, ವಿಚಾರ ಮಾಡಿ ಮಾತಾಡೋಣ ಎನ್ನುವವನು. ಕೈಕಾಲು ಆಡಿಸುವವರು, ನಾಲಿಗೆ ಹೊರಳಿಸುವವರು ಬೇರೆ ಇದ್ದಾರೆ. ಒಬ್ಬೊಬ್ಬರೇ ಯಾರೂ ಏನೂ ಮಾಡಲಾರರು. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಬೇಕು, ಆಗಲೇ ಸಿಟ್ಟು, ನೆನಪು, ನಡೆ ಎಲ್ಲ ಕೂಡಿ ಒಬ್ಬ ಮನುಷ್ಯ. ಅತ್ತಿ ಭಾಳ ಜೋರಾಗಿ ಒದರಿದ್ರ ಏನಾಗತೈತ್ರಿ ಸರ್ ಎಂದು ಒಬ್ಬ ಹುಡುಗಿ ಕೇಳಿದ್ದಳು. ಯಜಮಾನನ ಮಾತು ಕೇಳಂಗಿಲ್ಲ, ಅಜ್ಜ ಕೀಲಿ ಕೊಡಂಗಿಲ್ಲ, ದಿನಾ ಮಾಡೋ ಕೆಲಸಾನ ಮೈ ತಾನ ಮಾಡಿಬಿಡತೈತಿ ಎಂದಿದ್ದ. ಎಷ್ಟು ಚೆನ್ನಾಗಿ ಹೇಳಿದ್ದ!

ಹಂಪಣ್ಣ ಎಲ್ಲವನ್ನೂ ಸಮಾಧಾನದಿಂದ ಕೇಳಿದ. 'ಅಂದ್ರ ತಪ್ಪು ನಿಮ್ಮದಲ್ಲ, ಆ ಅತ್ತೀದು.'

'ಹಂಗಲ್ಲ, ಅಂಜಿಕಿ ಆದಾಗ ಎಲ್ಲಾರಿಗೂ ಹಂಗ ಆಗತೈತಿ.'

'ನನಗ ಅಂಜಿಕಿ ಆದಾಗ ಮೊದ್ಲ ನೆನಪಾಗೋದ ಹೆಂಡ್ತಿ ಹೆಸರು ನೋಡ್ರಿ' ಎಂದು ಹಂಪಣ್ಣ ಅವನ ಬೆನ್ನು ತಟ್ಟಿ, ಎಲೆ ಹಾಕಿಸಲು ಹೋದ.

ಕೂಸಿಗೆ ಗವಿಸಿದ್ದೇಶ ಎಂದು ಹೆಸರಿಟ್ಟರು. ಅದರ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಉಸುರುವಾಗ ಎಲ್ಲರೂ ರೂಢಿಯಂತೆ ಅವಳ ಬೆನ್ನಿಗೆ ಗುದ್ದಿದರು. ಇನ್ನೂ ಕಣ್ಣು ಕೂಡ ನೆಟ್ಟಗೆ ನಿಲ್ಲದ ಆ ಕೂಸಿನ ಹೆಸರು ಆ ಕ್ಷಣದಿಂದ ಎಲ್ಲರ ಬಾಯಲ್ಲಿ ಓಡಾಡತೊಡಗಿತು. ಗವೀ, ಸಿದ್ದೂ, ಸಿದ್ದೇಶಪ್ಪಾ. ಪ್ರಭುರಾಜನಿಗೆ ಹೊಟ್ಟೆಕಿಚ್ಚಾಯಿತು. ಪಂಪಾವತಿ ಆಚೆ ತುದಿಯಲ್ಲಿ ಹೆಂಗಸರ ನಡುವೆ ಕೂತಿದ್ದಳು. ಅವನ ಎಲೆಗೆ ಹೋಳಿಗೆ ಬಡಿಸಲು ಬಂದ ಅಮೃತಾ, 'ಮಾಮಾ, ಇದು ಪಂಪಾ ಅತ್ತಿ ಕೊಟ್ಟು ಕಳಿಸ್ಯಾಳ ನೋಡ್ರಿ' ಎಂದಾಗ ಅವನ ಜೀವ ಸ್ವಲ್ಪ ಹಗುರಾಯಿತು. 'ಭವಾನಿ ಮೇಡಂಗೂ ಕಟ್ಟಿಕೊಡ್ಲಿ ಏನಂತ ಕೇಳ್ಯಾಳ' ಎಂದು ಅವಳು ಮುಗಿಸಿದಾಗ ಮುರಿದ ತುಂಡನ್ನು ಎಲೆಗೇ ಮರಳಿ ಇಟ್ಟ.

ಕುಷ್ಟಗಿಯ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು, ಅವನು ಅವಳ ಪಕ್ಕ. ಮೊಬೈಲು, ಹೋಳಿಗೆಯ ಡಬ್ಬಿ ಎಲ್ಲ ಅವಳ ಚೀಲದಲ್ಲಿ. ಬೇರೆಯವರ ಪಕ್ಕ ಕೂತಿದ್ದರೆ ಸಿಟ್ಟೆಂದು ತಿಳಿಯುತ್ತಿತ್ತು; ಪಕ್ಕದಲ್ಲೇ ಕೂತು, ಬುಟ್ಟಿಯಲ್ಲಿಟ್ಟ ಬದನೆಕಾಯಿಯಂತೆ ಸುಮ್ಮನಿದ್ದಳು. ಕಂಡಕ್ಟರ್ ಬಂದ. ಹೆಂಗಸರಿಗೆ ಪುಕ್ಕಟೆ ಪ್ರಯಾಣ, ಆದರೆ ಆಧಾರ್ ಕಾರ್ಡು ತೋರಿಸಬೇಕು. ಅವಳು ತೆಗೆದು ತೋರಿಸಿದಳು. ಕಂಡಕ್ಟರ್ ಫೋಟೋ ನೋಡಿದ, ಅವಳನ್ನು ನೋಡಿದ, ಯಾಕೋ ಹೆಸರನ್ನೂ ದೊಡ್ಡದಾಗಿ ಓದಿದ: 'ಪಂಪಾವತಿ. ಹಾಂ, ಆತ್ರಿ ಅಕ್ಕಾರ.' ಅವಳು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಗೆ ಹೇಳುವಂತೆ, 'ಸರಕಾರಕ್ಕ ನೆನಪೈತಿ' ಎಂದಳು. ಅಷ್ಟೇ. ಕನಕಗಿರಿ ಬಂದು ಹೋಯಿತು.

ಗದ್ದೆಗಳು ಮುಗಿದು ಒಣಭೂಮಿ ಶುರುವಾಗಿತ್ತು. ಪ್ರಭುರಾಜ ಮನಸ್ಸಿನೊಳಗೆ ಪಂಪಾವತಿ ಪಂಪಾವತಿ ಎಂದು ಹೇಳಿಕೊಳ್ಳುತ್ತಲೇ ಇದ್ದ, ಮತ್ತೆ ಜಾರೀತೆಂಬ ಭಯ. ಒಳಗೆ ಎಷ್ಟು ಸಲೀಸು! ತುಟಿಯವರೆಗೆ ಬಂದು ತಿರುಗಿ ಹೋಗುತ್ತಿತ್ತು. ಒಂದು ಕಾಲಕ್ಕೆ, ಪಂಪಾವತೀ, ಟವೆಲ್ ತಗೊಂಬಾ ಎಂದು ಅವನು ಕೂಗಿದ್ದುಂಟು. ಮದುವೆಯಾದ ಹೊಸತು, ಕುಷ್ಟಗಿಯ ಹಳೇ ಮನೆ, ಬಚ್ಚಲಲ್ಲಿ ಮೈ ಒದ್ದೆ, ತಂತಿಯ ಮೇಲೆ ಟವೆಲಿಲ್ಲ. ಅಂಗಳದಲ್ಲಿ ಅವನ ಅವ್ವ ಓಣಿಯ ಹೆಂಗಸರ ಜೊತೆ ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ನಿಂತಿತು. 'ಹೆಂಡ್ತಿ ಹೆಸರು ಅಷ್ಟು ಜೋರಾಗಿ ಕರೀಬ್ಯಾಡಪಾ, ಸವದು ಹೋಗತೈತಿ' ಎಂದಳು ಅವ್ವ. ಹೆಂಗಸರು ನಕ್ಕರು ನೋಡಿ, ಮೊರಗಳೆಲ್ಲ ಒಟ್ಟಿಗೆ ನಕ್ಕಂತಾಯಿತು. ಟವೆಲು ತರಬೇಕಾದವಳು ನಾಚಿ ಅಡುಗೆಮನೆ ಸೇರಿದಳು. ಅವನು ಮೈ ತಾನಾಗಿ ಒಣಗುವವರೆಗೂ ಒಳಗೇ ನಿಂತಿದ್ದ. ಮರುದಿನ ಕರೆಯುವ ಪ್ರಸಂಗ ಬಂದಾಗ ಬಾಯಿಂದ ಬಂದದ್ದು 'ಏ' ಎಂದು. 'ಏ' ಎಂದರೆ ಯಾರೂ ನಗಲಿಲ್ಲ. ಆಮೇಲೆ ಏ, ಕೇಳಿಲ್ಲಿ, ಎಲ್ಲಿ ಅದಿ, ಇಷ್ಟರಲ್ಲೇ ಸಂಸಾರ ಸಾಗಿತು. ಹೊರಗಿನವರ ಎದುರು 'ನಮ್ಮ ಮನಿಯವರು'. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಬಾಗಿಲಲ್ಲಿ ಕೂತ ಹಿರೇ ಅತ್ತೆ ಮಾತ್ರ ಒಳಗೆ ಇನ್ನೂ ಕೂತಿದ್ದಾಳೆ, ಆ ಹೆಸರು ಹೊಸ್ತಿಲಿಗೆ ಬಂದರೆ ಸಾಕು, ನಗತಾರೋ, ನಗತಾರೋ ಎಂದು ಕೂಗುತ್ತಾಳೆ. ಬಚ್ಚಲಲ್ಲಿ ಬಿಟ್ಟು ಬಂದಿದ್ದ ಹೆಸರು ಬಚ್ಚಲಲ್ಲೇ ಸಿಕ್ಕಿತಲ್ಲ! ಅವನಿಗೆ ಒಮ್ಮೆಲೇ ಬಹಳ ಖುಷಿಯಾಯಿತು. ಇದನ್ನು ಪಾಠದಲ್ಲಿ ಹೇಳಬೇಕು, ಜಾಗ ಮತ್ತು ನೆನಪಿನ ನಂಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಪಕ್ಕದಲ್ಲಿದ್ದವಳಿಗೆ ಹೇಳಲೆಂದು ತಿರುಗಿ, 'ಏ,' ಎಂದ.

ಅವಳು ತಿರುಗಲಿಲ್ಲ. ಅದೇ ಹೊತ್ತಿಗೆ ಅವಳ ಚೀಲದಲ್ಲಿದ್ದ ಅವನ ಮೊಬೈಲು ರಿಂಗಾಯಿತು. ಅವಳು ತೆಗೆದು ನೋಡಿ ಅವನ ಮುಖದ ಎದುರು ಹಿಡಿದಳು. ಭವಾನಿ ಮೇಡಂ. ಅವನು ಕೈ ಚಾಚುವ ಮೊದಲೇ ಅವಳು ಕಿವಿಗೆ ಹಚ್ಚಿಕೊಂಡಾಗಿತ್ತು.

'ಹಲೋ. ಹೌದ್ರಿ, ನಾನು ಅವರ ಮನಿಯವರ... ಅದಾರ್ರಿ, ಇಲ್ಲೇ ಬಾಜೂಕ ಕುಂತಾರ. ಮಾತಾಡೋ ಸ್ಥಿತ್ಯಾಗ ಇಲ್ಲ... ಬೀರುವಿನ ಕೀಲಿ ಏನ್ರಿ? ಅಯ್ಯ, ಅದು ಮನ್ಯಾಗ ಟಿವಿ ಮ್ಯಾಲ ಐತಿ. ಕಾಲೇಜಿನಿಂದ ಕಿಸೇದಾಗ ಹಾಕ್ಕೊಂಡು ಬಂದುಬಿಟ್ಟಾರ. ನಾಳೆ ಕೊಟ್ಟು ಕಳಸ್ತೀನಿ ಬಿಡ್ರಿ... ಏನಂದ್ರಿ?' ಇಲ್ಲಿ ಅವಳು ಮೊಬೈಲನ್ನು ಇನ್ನೊಂದು ಕಿವಿಗೆ ಹಿಡಿದಳು. 'ನನ್ನ ಹೆಸರೇನ್ರಿ? ಪಂಪಾವತಿ ಅಂತ್ರಿ.' ಹೇಳಿ, ನಕ್ಕಳು. ಬೆಳಗಿನಿಂದ ಅದು ಅವಳ ಮೊದಲ ನಗೆ, ಮತ್ತು ಅದು ಭವಾನಿ ಮೇಡಂ ಪಾಲಾಯಿತು.

ಮೊಬೈಲನ್ನು ಚೀಲಕ್ಕೆ ಹಾಕಿ ಅವಳು ಅವನ ಕಡೆ ಪೂರ್ತಿ ತಿರುಗಿದಳು. 'ಛಲೋ ಹೆಣಮಗಳು. ಇಷ್ಟು ವರ್ಷ ಆತ್ರಿ, ಸರ್ ಮನಿಯವರ ಹೆಸರು ಏನಂತ ನಮ್ಮ ಸ್ಟಾಫಿನ್ಯಾಗ ಒಬ್ಬರಿಗೂ ಗೊತ್ತಿಲ್ಲ ನೋಡ್ರಿ ಅಂದ್ರು.'

'ಅವರದೂ ನನ್ನದೂ ಏನೂ...'

'ಏನೂ ಇಲ್ಲಂತ ನನಗ ಗೊತ್ತೈತಿ. ಅಷ್ಟು ಧೈರ್ಯ ನಿಮಗೆಲ್ಲೈತಿ' ಎಂದಳು ಪಂಪಾವತಿ. ಈ ಸಮಾಧಾನದಿಂದ ಅವನಿಗೆ ಸ್ವಲ್ಪ ಅವಮಾನವೇ ಆಯಿತು. 'ಆಕಿ ಹೆಸರು ಬಂತಂತ ನನಗ ಸಿಟ್ಟಿಲ್ಲ. ನನ್ನ ಹೆಸರು ಬರಲಿಲ್ಲ ನೋಡ್ರಿ, ಅದು ನುಂಗಾಕ ಆಗವಲ್ದು. ಆಕಿಗೆ ಒಡಪಿನ್ಯಾಗೂ ಮೇಡಂ, ಅದಾರ ಅಂತೀರಿ. ನನಗ ಏ. ದನಾ ಹೊಡಿಯೋರು ದನಕ್ಕೂ ಹೆಸರಿಡ್ತಾರ.'

ಅವನು ಅಮಿಗ್ಡಲ ಎಂದು ಶುರು ಮಾಡಿದ. ಅವಳು ಕೈ ಎತ್ತಿದಳು.

'ಗೊತ್ತೈತಿ. ಮನ್ಯಾಗ ಗ್ವಾಡಿಗೆ ಪಾಠ ಒಪ್ಪಸ್ತಿರ್ತೀರಿ, ಕೇಳಿ ಕೇಳಿ ನನಗೂ ಬಂದೈತಿ. ನಿಮ್ಮ ತಲ್ಯಾಗಿನ ಮಂದಿ ಏನಾರ ಜಗಳಾಡ್ಕೊಳ್ಳಿ, ನನ್ನ ಅದರಾಗ ಎಳೀಬ್ಯಾಡ್ರಿ. ಇವತ್ತಿನಿಂದ ಏ ಅಂದ್ರ ನಾ ಓ ಅನ್ನಂಗಿಲ್ಲ. ಹೆಸರು ಹಿಡದು ಕರದ್ರ ಮನಿಗೆ ಬರ್ತೀನಿ. ಇಲ್ಲಾಂದ್ರ ಇದ ಬಸ್ಸಿಗೆ ಗಂಗಾವತಿಗೆ ತಿರುಗಿ ಹೋಗ್ತೀನಿ. ನನಗೇನು, ಟಿಕೆಟ್ ಪುಕ್ಕಟೆ ಐತಿ.'

ಹೀಗೆ ಹೇಳಿ ಕಣ್ಣುಮುಚ್ಚಿ ಸೀಟಿಗೆ ಒರಗಿದಳು. ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ಒದ್ದೆ ಇತ್ತು. ಪ್ರಭುರಾಜ ಅದನ್ನು ನೋಡಿದ. ಈಗಲೇ, ಇಲ್ಲೇ ಮೆಲ್ಲಗೆ ಕರೆದುಬಿಡಬಹುದಿತ್ತು. ಆದರೆ ಮುಂದಿನ ಸೀಟಿನ ಮುದುಕ ಇತ್ತಲೇ ಕಿವಿ ಇಟ್ಟಿದ್ದ. ತಾವರಗೇರಾದಲ್ಲಿ ಆ ಮುದುಕ ಇಳಿಯಲಿ ಎಂದು ಕಾದ. ಅವನು ಇಳಿಯಲಿಲ್ಲ. ಅವನೂ ಕುಷ್ಟಗಿಯವನೇ.

ಕುಷ್ಟಗಿ ಬಸ್‌ನಿಲ್ದಾಣದಲ್ಲಿ ಸಂಜೆಯ ಜಂಗುಳಿ. ಪಂಪಾವತಿ ತನ್ನ ಚೀಲ ಹಿಡಿದು ಮುಂದಿನ ಬಾಗಿಲಿನಿಂದ ಇಳಿದಳು. ಅವನು ಉಳಿದ ಚೀಲಗಳನ್ನೆಲ್ಲ ಹೊತ್ತು ಹಿಂದಿನ ಬಾಗಿಲಿನಿಂದ ಇಳಿಯುವಷ್ಟರಲ್ಲಿ ಮಂದಿಯಲ್ಲಿ ಕಾಣದಾದಳು. ಕತ್ತು ಎತ್ತಿ ಅತ್ತಿತ್ತ ನೋಡಿದ. ಆಮೇಲೆ ಸೀರೆ ಕಂಡಿತು: ಗಂಗಾವತಿ ಬಸ್ಸು ನಿಲ್ಲುವ ಜಾಗದ ಎದುರು, ಅವನಿಗೆ ಬೆನ್ನು ಹಾಕಿ, ನಿಜವಾಗಿಯೂ ನಿಂತಿದ್ದಳು. 'ಏ!' ಎಂದ. ಮಾತು ಬಾಯಿಂದ ಜಾರಿಬಿಟ್ಟಿತ್ತು. ಬಾಳೆಹಣ್ಣು ಕೊಳ್ಳುತ್ತಿದ್ದ ಒಬ್ಬಳು ತಿರುಗಿ ನೋಡಿದಳು, ಕೂಸಿಗೆ ಹಾಲು ಕುಡಿಸುತ್ತಿದ್ದವಳು ನೋಡಿದಳು, ಗಂಡನ ಹಿಂದೆ ಹೋಗುತ್ತಿದ್ದ ಇನ್ನೊಬ್ಬಳು ನಿಂತೇಬಿಟ್ಟಳು. ಎಲ್ಲರ ಹೆಸರೂ ಅದೇ ಇದ್ದಂತಿತ್ತು. ಪಂಪಾವತಿಯ ಬೆನ್ನು ಮಾತ್ರ ಅಲ್ಲಾಡಲಿಲ್ಲ.

'ಸರ್, ಬರ್ರಿ, ಗಾಡಿ ಖಾಲಿ ಐತಿ' ಎಂದು ಓಣಿಯ ಆಟೋದವನು ಜಮೀರ ಎದುರು ಬಂದ. 'ಅಕ್ಕಾರು ಅಲ್ಲ್ಯಾಕ ನಿಂತಾರ್ರಿ? ಕರೀರಿ ಅವರನ್ನ.'

'ನೀನ ಹೋಗಿ ಕರಕೊಂಬಾ' ಎಂದ ಪ್ರಭುರಾಜ, ತನ್ನ ಹೇಡಿತನಕ್ಕೆ ತಾನೇ ಹೇಸುತ್ತ.

ಜಮೀರ ಅವಳ ಬೆನ್ನನ್ನೊಮ್ಮೆ, ಇವನ ಮುಖವನ್ನೊಮ್ಮೆ ನೋಡಿದ. ಅವನೂ ಮದುವೆಯಾದವನು. 'ಒಲ್ಲೆರಿ ಸರ್. ಇದು ನೀವ ಕರಿಯೋದೈತಿ' ಎಂದು ಆಟೋಕ್ಕೆ ಒರಗಿ ನಿಂತ.

ಅಷ್ಟರಲ್ಲಿ ಟ್ಯೂಷನ್ ಮುಗಿಸಿ ಊರ ಬಸ್ಸಿಗೆ ಕಾಯುತ್ತಿದ್ದ ಅವನದೇ ಕ್ಲಾಸಿನ ಹುಡುಗಿಯರು ನಮಸ್ತೆ ಸರ್ ಎಂದರು. ಬಸ್ಸಿನ ಮುದುಕ ಕೂಡ ಮನೆಗೆ ಹೋಗದೆ ಕಂಬದ ಹತ್ತಿರ ನಿಂತಿದ್ದ. ಗಂಗಾವತಿಯ ಬಸ್ಸು ಹಾರನ್ ಹೊಡೆಯಿತು. ಪಂಪಾವತಿ ಚೀಲದಿಂದ ಆಧಾರ್ ಕಾರ್ಡು ತೆಗೆದಳು. ಕಿವಿಯಲ್ಲಿ ಗುಂಯ್ ಎಂದಿತು, ಅಂಗೈ ಬೆವರಿತು, ನಗತಾರೋ ಎಂದು ಒಳಗೆ ಅತ್ತೆ ಒದರಿದಳು. ಒದರಲಿ. ಅವಳು ಹತ್ತಿಬಿಟ್ಟರೆ ಎಂಬ ಇನ್ನೊಂದು ಅಂಜಿಕೆ ಅದಕ್ಕಿಂತ ದೊಡ್ಡದಾಗಿ ಎದ್ದು ಬಂದಿತ್ತು. ಹೋಗಿ ಹೋಗಿ ಅವಳ ಬೆನ್ನ ಹಿಂದೆಯೇ ನಿಂತ. ಬಾಯಿ ತೆರೆದ.

'ಪಂಪಾವತಿ!'

ಅದು ಹಾಜರಿ ಕರೆಯುವ ಧ್ವನಿಯಾಗಿತ್ತು. ಉದ್ದ ಹೆಸರುಗಳನ್ನು ಜೋರಾಗಿ ಹೇಳಲು ಅವನ ಗಂಟಲಿಗೆ ಗೊತ್ತಿದ್ದದ್ದು ಅದೊಂದೇ ಬಗೆ. ಹುಡುಗಿಯರು ಕಿಸಕ್ಕೆಂದರು. ಜಮೀರ ಆಕಾಶ ನೋಡಿದ. ಜನ ನಕ್ಕರು, ನಿಜವಾಗಿಯೂ ನಕ್ಕರು, ಮತ್ತು ಪ್ರಭುರಾಜ ಅಲ್ಲೇ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ.

ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿದ್ದ ಪಂಪಾವತಿ, ತಿರುಗದೆಯೇ, ಆಧಾರ್ ಕಾರ್ಡನ್ನು ಬಸ್ಸಿನ ಕಡೆಯಿಂದ ಸ್ವಲ್ಪ ಕೆಳಗಿಳಿಸಿದಳು.

'ಕೇಳಿಸ್ಲಿಲ್ಲ ನೋಡ್ರಿ' ಎಂದಳು. 'ಇನ್ನೊಮ್ಮಿ.'

ಅವನು ಚೀಲಗಳನ್ನು ನೆಲಕ್ಕಿಟ್ಟು, ಮೆಲ್ಲಗೆ, ಇನ್ನೊಮ್ಮೆ ಕರೆದ.